ಅಡ್ಡಗೆರೆಯ ಆಚೆ ಈಚೆ



ಹೈಸ್ಕೂಲಿನಲ್ಲಿ ನಾವೆಲ್ಲ ಸಮಾಸ ಕಲಿತವರು. ‘ಗಿಡಮರ’ ದ್ವಂದ್ವ ಸಮಾಸ. ಗಿಡವೂ ಮುಖ್ಯ, ಮರವೂ ಮುಖ್ಯ. ‘ಹೆಮ್ಮರ’ ಕರ್ಮಧಾರಯ, ಇರುವುದು ಒಂದೇ ಮರ, ಹಿರಿದು ಎನ್ನುವುದು ಅದರ ಗುಣ. ಐರಿಶ್-ಅಮೆರಿಕನ್, ಜರ್ಮನ್-ಅಮೆರಿಕನ್ ಎಂದು ನಡುವೆ ಅಡ್ಡಗೆರೆ ಹಾಕಿ ಬರೆಯುವ ಹೆಸರುಗಳ ಬಗ್ಗೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದಿರುವ ವಾದ, ನನ್ನ ಮಟ್ಟಿಗೆ, ಇದು ಯಾವ ಸಮಾಸ ಎಂಬ ವಾದವೇ.

1915ರ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಅಡ್ಡಗೆರೆಯ ಅಮೆರಿಕನ್ನರಿಗೆ ಈ ದೇಶದಲ್ಲಿ ಜಾಗವಿಲ್ಲ ಎಂದು ಸಾರಿದರು. ಯುರೋಪಿನಲ್ಲಿ ಮಹಾಯುದ್ಧ ನಡೆದಿತ್ತು. ಅವರು ಆ ಹೆಸರನ್ನು ದ್ವಂದ್ವವೆಂದು ಓದಿದರು: ಎರಡು ಪದ, ಎರಡು ನಿಷ್ಠೆ. ಅಮೆರಿಕವೂ ಯುದ್ಧಕ್ಕಿಳಿದ ಮೇಲೆ ಎಷ್ಟೋ ಶಾಲೆಗಳಿಂದ ಜರ್ಮನ್ ಭಾಷೆ ಹೊರಬಿತ್ತು. ಜರ್ಮನರ ಹುಳಿ ಎಲೆಕೋಸಿಗೂ ‘ಸ್ವಾತಂತ್ರ್ಯದ ಕೋಸು’ ಎಂಬ ಹೆಸರು ಬಂತು.

ಹೆಸರು ಬರೆಯುವ ಲೇಖನಿ ಯಾರ ಕೈಯಲ್ಲಿದೆ ಎಂಬುದು ಇನ್ನೂ ಮುಖ್ಯ. 1960ಕ್ಕೆ ಮುಂಚಿನ ಜನಗಣತಿಗಳಲ್ಲಿ ಜನಾಂಗದ ಕಾಲಂ ತುಂಬುತ್ತಿದ್ದವನು ಬಾಗಿಲಿಗೆ ಬಂದ ಗಣತಿದಾರ. 1930 ಮತ್ತು 1940ರಲ್ಲಿ ಅವನು ಭಾರತದಿಂದ ಹೋದವರನ್ನು ‘ಹಿಂದೂ’ ಎಂಬ ಜನಾಂಗಕ್ಕೆ ಸೇರಿಸಿದ. ಅವರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು! ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂದ್ ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. 1970ರ ಗಣತಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿತು. ನಮ್ಮವರ ಸಂಘಟನೆಗಳು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಬಂತು. ಬರೀ ‘ಇಂಡಿಯನ್’ ಎನ್ನುವಂತಿರಲಿಲ್ಲ. ಕೊಲಂಬಸ್‌ನ ತಪ್ಪಿನಿಂದ ‘ಇಂಡಿಯನ್’ ಎಂಬ ಹೆಸರನ್ನು ಅಲ್ಲಿನ ಮೂಲನಿವಾಸಿಗಳು ಆಗಲೇ ಹೊತ್ತಿದ್ದರಲ್ಲ!

ಲೇಖನಿ ಕೈಗೆ ಬಂದರೂ ಪ್ರಶ್ನೆಯ ರೀತಿ ಉತ್ತರವನ್ನು ಎಳೆಯುತ್ತದೆ. 1990ರ ನಮೂನೆಯಲ್ಲಿ ವಂಶಮೂಲದ ಉದಾಹರಣೆಗಳ ನಡುವೆ ‘ಕೇಜನ್’ ಎಂದು ಅಚ್ಚಾಗಿತ್ತು, ಸುಮಾರು 6.68 ಲಕ್ಷ ಜನ ತಾವು ಕೇಜನ್ ಎಂದರು. 2000ದಲ್ಲಿ ಆ ಉದಾಹರಣೆ ಹೋಯಿತು. ಹಾಗೆ ಬರೆದವರು ಸುಮಾರು 85 ಸಾವಿರ. ಲೂಯಿಸಿಯಾನದ ಆ ಫ್ರೆಂಚ್ ಮೂಲದ ಜನ ಹತ್ತು ವರ್ಷದಲ್ಲಿ ಕರಗಿಹೋಗಲಿಲ್ಲ, ನೆನಪಿಸುವ ಪದ ಇಲ್ಲವಾಯಿತು.

ಐರಿಶ್ ಅಜ್ಜ, ಇಟಾಲಿಯನ್ ಅಜ್ಜಿ ಇದ್ದ ಬಿಳಿಯನಿಗೆ ಬೇಕಾದ್ದನ್ನು ಆರಿಸಿಕೊಳ್ಳುವ ಸಲೀಸು ಇದೆ. ಕಪ್ಪು ಜನರಿಗೆ ಅದಿಲ್ಲ. ಗುಲಾಮಗಿರಿ ಅವರ ಪೂರ್ವಜರ ಊರು, ಮಾತು, ಮನೆತನದ ಹೆಸರುಗಳನ್ನು ಅಳಿಸಿತ್ತು. 1988ರಲ್ಲಿ ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಎಂಬ ಹೆಸರನ್ನು ಎತ್ತಿಹಿಡಿದದ್ದು ಈ ಹಿನ್ನೆಲೆಯಲ್ಲಿ. ಊರು ಕಳೆದುಕೊಂಡವರು ಖಂಡವನ್ನೇ ತವರೆಂದರು. ನನಗೆ ಇದಕ್ಕಿಂತ ಘನವಾದ ಸಮಾಸ ಗೊತ್ತಿಲ್ಲ.

2019ರಲ್ಲಿ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಬರವಣಿಗೆಯಲ್ಲಿ ಇಂಥ ಹೆಸರುಗಳ ಅಡ್ಡಗೆರೆ ಕೈಬಿಟ್ಟಿತು. ಮೊದಲ ಪದ ವಿಶೇಷಣ, ವ್ಯಕ್ತಿ ಪೂರ್ತಿ ಅಮೆರಿಕನ್: ಇದು ಕರ್ಮಧಾರಯದ ಓದು.

ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿ ಹುಟ್ಟಿದವಳು. ಅಲ್ಲಿ ಅವಳನ್ನು ‘ಇಂಡಿಯನ್’ ಅನ್ನುತ್ತಾರೆ. ಮೈಸೂರಿಗೆ ಬಂದರೆ ‘ಅಮೆರಿಕದ ಹುಡುಗಿ’ ಅನ್ನುತ್ತೇವೆ. ಒಮ್ಮೆ ಅವರ ಮನೆಗೆ ಸರ್ಕಾರದ ಸಮೀಕ್ಷೆಯ ಫಾರಂ ಬಂದಿತ್ತು. ಮನೆಯಲ್ಲಾಡುವ ಭಾಷೆ ಯಾವುದೆಂದು ಅದರಲ್ಲಿ ಕೇಳಿತ್ತು. “ದೊಡ್ಡಮ್ಮಾ, ಇಲ್ಲಿ ಮಾತ್ರ ನಾನೇ ಬರೆದೆ, ಕನ್ನಡ ಅಂತ” ಎಂದು ಫೋನಿನಲ್ಲಿ ಹೇಳಿದಳು. ಅವಳ ಕನ್ನಡದಲ್ಲಿ ಳಕಾರ ಇನ್ನೂ ತಡವರಿಸುತ್ತದೆ. ಆದರೆ ಆ ಕಾಲಂ ಅವಳದು.

ಸಮಾಸವನ್ನು ಬಿಡಿಸಿ ಹೇಳುವ ವಿಗ್ರಹವಾಕ್ಯ ಆ ಹೆಸರು ಹೊತ್ತವರ ಬಾಯಿಂದಲೇ ಬರಬೇಕು. ಬೇಸಿಗೆ ರಜೆಗೆ ಅಮೆರಿಕದಿಂದ ಮೊಮ್ಮಕ್ಕಳು ಬಂದಾಗ ಹಳೆಯ ಗಣತಿದಾರನಂತೆ ಮುಖ ನೋಡಿ ಕಾಲಂ ತುಂಬದಿರೋಣ. ಪಕ್ಕ ಕೂರಿಸಿಕೊಂಡು ಕೇಳೋಣ.