ಇಲ್ಲದ ಹೋಟೆಲಿಗೆ ಬಂದ ಪ್ರಶಸ್ತಿ



2008ರ ಆಗಸ್ಟ್ ತಿಂಗಳು. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ವೈನ್ ಅರ್ಥಶಾಸ್ತ್ರಜ್ಞರ ಸಂಘದ ಸಭೆ ನಡೆದಿತ್ತು. ವೈನಿಗೂ ಅರ್ಥಶಾಸ್ತ್ರಕ್ಕೂ ಏನು ನಂಟು ಎಂದು ಹುಬ್ಬೇರಿಸಬೇಕಾಗಿಲ್ಲ. ಬೆಲೆ ಇರುವ ವಸ್ತು ಎಂದ ಮೇಲೆ ಅರ್ಥಶಾಸ್ತ್ರಜ್ಞ ಅದರ ಹಿಂದೆಯೇ ಬರುತ್ತಾನೆ. ಆ ಸಭೆಯಲ್ಲಿ ರಾಬಿನ್ ಗೋಲ್ಡ್‌ಸ್ಟೈನ್ ಎಂಬ ಲೇಖಕರು ಒಂದು ಸಂಗತಿಯನ್ನು ಬಯಲು ಮಾಡಿದರು. ಇಟಲಿಯ ಮಿಲಾನ್ ನಗರದ ‘ಓಸ್ತೆರಿಯಾ ಲಿಂತ್ರೆಪಿದೊ’ ಎಂಬ ಹೋಟೆಲಿಗೆ, ಅದರ ವೈನ್ ಪಟ್ಟಿಯನ್ನು ಮೆಚ್ಚಿ, ಅಮೆರಿಕದ ಹೆಸರಾಂತ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ ಶ್ರೇಷ್ಠತಾ ಪ್ರಶಸ್ತಿ ಕೊಟ್ಟಿತ್ತು. ಆದರೆ ಅಂಥ ಹೋಟೆಲೇ ಮಿಲಾನಿನಲ್ಲಿ ಇರಲಿಲ್ಲ! ಅದರ ಅಡುಗೆಮನೆ, ಮೇಜು, ಮಾಣಿ, ನೆಲಮಾಳಿಗೆ ಎಲ್ಲವೂ ಗೋಲ್ಡ್‌ಸ್ಟೈನ್ ಅವರ ತಲೆಯಲ್ಲಿ ಹುಟ್ಟಿದ್ದವು.

ಓಸ್ತೆರಿಯಾ ಎಂದರೆ ಇಟಲಿಯಲ್ಲಿ ಹಿಂದೆ ಸಾಮಾನ್ಯರು ಬಂದು ವೈನ್ ಕುಡಿದು, ಜೊತೆಗೆ ಸಿಕ್ಕಿದ್ದನ್ನು ತಿಂದು ಹೋಗುತ್ತಿದ್ದ ಸಾದಾ ಮನೆ. ಈಗ ದುಬಾರಿ ಹೋಟೆಲುಗಳೂ ಆ ಹೆಸರನ್ನು ಇಟ್ಟುಕೊಳ್ಳುತ್ತವೆ. ‘ಲಿಂತ್ರೆಪಿದೊ’ ಎಂದರೆ ಎದೆಗಾರ. ಎದೆಗಾರಿಕೆಯ ಕೆಲಸವೇ ಅದು.

ಗೋಲ್ಡ್‌ಸ್ಟೈನ್ ಮಾಡಿದ್ದು ಇಷ್ಟು: ಒಂದು ವೆಬ್‌ಸೈಟು, ಒಂದು ಮಿಲಾನ್ ವಿಳಾಸ, ಒಂದು ದೂರವಾಣಿ ಸಂಖ್ಯೆ, ತಿನಿಸುಗಳ ಒಂದು ಪಟ್ಟಿ, ವೈನುಗಳ ಒಂದು ಪಟ್ಟಿ. ಇವುಗಳೊಂದಿಗೆ ಅರ್ಜಿ ಶುಲ್ಕ 250 ಡಾಲರ್. ಕುಚೋದ್ಯದ ಮುಖ್ಯ ಭಾಗ ವೈನ್ ಪಟ್ಟಿಯಲ್ಲಿತ್ತು. ‘ವಿಶೇಷ ಸಂಗ್ರಹ’ ಎಂಬ ತಲೆಬರಹದ ಕೆಳಗೆ ಅವರು ಸೇರಿಸಿದ್ದು ಅದೇ ಪತ್ರಿಕೆ ಹಿಂದಿನ ವರ್ಷಗಳಲ್ಲಿ ಅತಿ ಕಡಿಮೆ ಅಂಕ ಕೊಟ್ಟು ಹಳಿದಿದ್ದ ಇಟಲಿಯ ವೈನುಗಳನ್ನು. ಕೆಲವಕ್ಕೆ ನೂರಕ್ಕೆ ಅರುವತ್ತರ ಆಸುಪಾಸಿನ ಅಂಕ. ಗೋಲ್ಡ್‌ಸ್ಟೈನ್ ಬರೆದ ಬೆಲೆ ಮಾತ್ರ ರಾಜರ ಬೆಲೆ. ತಾನೇ ಉಗುಳಿದ್ದನ್ನು ಪತ್ರಿಕೆ ಗುರುತಿಸಲಿಲ್ಲ.

ಪತ್ರಿಕೆ ಸುಮ್ಮನಿರಲಿಲ್ಲ. ಕಾರ್ಯನಿರ್ವಾಹಕ ಸಂಪಾದಕ ಥಾಮಸ್ ಮ್ಯಾಥ್ಯೂಸ್ ಉತ್ತರ ಕೊಟ್ಟರು. ಹೋಟೆಲಿಗೆ ಹಲವು ಸಲ ಫೋನ್ ಮಾಡಲಾಗಿತ್ತು, ಪ್ರತಿ ಸಲವೂ ಧ್ವನಿಮುದ್ರಣ ಯಂತ್ರವೇ ಉತ್ತರಿಸಿತ್ತು. ಪಟ್ಟಿಯಲ್ಲಿದ್ದ 256 ವೈನುಗಳಲ್ಲಿ ಕೀಳೆಂದು ಹೇಳಬಹುದಾದವು 15 ಮಾತ್ರ, ಉಳಿದವು ಒಳ್ಳೆಯ ತಯಾರಕರವು. ಇದು ಬಲು ಯೋಜಿತ ಮೋಸ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸುಳ್ಳು ವಿಳಾಸ ಕೊಟ್ಟು ಬೇರೆಯವರನ್ನು ಪರೀಕ್ಷಿಸುವುದು ಮೆಚ್ಚತಕ್ಕ ದಾರಿಯೇನಲ್ಲ. ಆದರೂ ಮಿಲಾನಿನಲ್ಲಿರುವ ಯಾರಾದರೊಬ್ಬ ಪರಿಚಿತರನ್ನು ಆ ಬೀದಿಗೆ ಒಮ್ಮೆ ಕಳಿಸಿದ್ದರೆ ಸಾಕಿತ್ತಲ್ಲ?

ಈ ಪ್ರಶಸ್ತಿ ಶುರುವಾದದ್ದು 1981ರಲ್ಲಿ. ಅದಕ್ಕೆ ಮೂರು ಮೆಟ್ಟಿಲುಗಳಿವೆ. ತೀರ ಮೇಲಿನ ಮೆಟ್ಟಿಲಿಗೆ ಏರುವ ಹೋಟೆಲುಗಳಿಗಷ್ಟೇ ಪರಿಶೀಲಕರು ಖುದ್ದಾಗಿ ಹೋಗುತ್ತಾರೆ. ಕೆಳಗಿನ ಮೆಟ್ಟಿಲಿನಲ್ಲಿ ಕಾಗದವೇ ಸಾಕ್ಷಿ. ಸುಮಾರು ನೂರು ಬಗೆಯ ವೈನು, ಪ್ರತಿಯೊಂದರ ವರ್ಷ, ತಯಾರಕರ ಹೆಸರು, ಊಟದ ಪಟ್ಟಿಯೊಂದಿಗೆ ಹೊಂದಾಣಿಕೆ ಇವಿಷ್ಟನ್ನು ನೋಡಲಾಗುತ್ತಿತ್ತು. 2003ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಮಾಂಡಾ ಹೆಸರ್ ಈ ವ್ಯವಸ್ಥೆಯ ಬಗ್ಗೆ ಪ್ರಶ್ನೆ ಎತ್ತಿದ್ದರು. ಬಾಗಿಲಲ್ಲಿ ತೂಗುಹಾಕಿದ ಪ್ರಶಸ್ತಿ ಫಲಕ ನೋಡಿ ಒಳಗೆ ಹೋಗುವ ಗಿರಾಕಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವನು ಫಲಕವನ್ನು ನಂಬಿ ಜೇಬಿಗೆ ಕೈ ಹಾಕುತ್ತಾನೆ.

ಹಾಗಾದರೆ ಫಲಕ ನೋಡದೆ ಪಟ್ಟಿಯನ್ನು ಅಳೆಯುವುದು ಹೇಗೆ?

ಮೊದಲು ಬೆಲೆ. ಅಮೆರಿಕದ ಹೋಟೆಲುಗಳಲ್ಲಿ ಅಂಗಡಿಯ ಬೆಲೆಯ ಎರಡರಿಂದ ಮೂರು ಪಟ್ಟು ಹಾಕುವುದು ರೂಢಿ. ಅಗ್ಗದ ಬಾಟಲಿಯ ಮೇಲೆ ಈ ಪಟ್ಟು ಹೆಚ್ಚು, ದುಬಾರಿ ಬಾಟಲಿಯ ಮೇಲೆ ಕಡಿಮೆ. ಲೋಟದ ಲೆಕ್ಕವಂತೂ ಇನ್ನೂ ಸ್ವಾರಸ್ಯ. 750 ಮಿಲಿಲೀಟರಿನ ಬಾಟಲಿಯಲ್ಲಿ 150ರಂತೆ ಐದು ಲೋಟ. ಒಂದು ಲೋಟದ ಬೆಲೆ ಎಂದರೆ ಹೆಚ್ಚುಕಡಿಮೆ ಹೋಟೆಲಿನವರು ಆ ಇಡೀ ಬಾಟಲಿಗೆ ಕೊಟ್ಟ ಬೆಲೆ. ಮೊದಲ ಗಿರಾಕಿ ಬಾಟಲಿಯ ದುಡ್ಡು ತೀರಿಸುತ್ತಾನೆ. ಉಳಿದ ನಾಲ್ವರು ಬಾಡಿಗೆ, ಸಂಬಳ, ಒಡೆದ ಗಾಜು ಮತ್ತು ಲಾಭ ಕೊಡುತ್ತಾರೆ. ಇದರಲ್ಲಿ ಅನ್ಯಾಯವೇನಿಲ್ಲ. ಆದರೆ ಊರಿನ ಅಂಗಡಿಯಲ್ಲಿ ಬೆಲೆ ಗೊತ್ತಿರುವ ಒಂದೆರಡು ವೈನುಗಳನ್ನು ಪಟ್ಟಿಯಲ್ಲಿ ಹುಡುಕಿ ಹೋಲಿಸಿದರೆ ಮಾಲೀಕನ ಮನಸ್ಸು ಅರ್ಧ ತಿಳಿದಂತೆ.

ಆಮೇಲೆ ಬರಹ. ಪಟ್ಟಿಯಲ್ಲಿ ಬರೀ ‘ಬರೋಲೊ’ ಎಂದು ಬರೆದಿದ್ದರೆ ಏನೂ ಹೇಳಿದಂತಾಗಲಿಲ್ಲ. ಬರೋಲೊ ಎಂಬುದು ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಒಂದು ಪ್ರದೇಶ. ನೆಬ್ಬಿಯೋಲೊ ದ್ರಾಕ್ಷಿಯಿಂದ ಆ ವೈನನ್ನು ಮಾಡುವವರು ನೂರಾರು ಜನ. ಯಾರು ಮಾಡಿದರು, ಯಾವ ವರ್ಷದ ಬೆಳೆ ಎಂದು ಬರೆಯದವನು ಒಂದೋ ಸೋಮಾರಿ, ಇಲ್ಲವೇ ಜಾಣ. ಕರ್ನಾಟಕದಲ್ಲಿ ಕಾಫಿಪುಡಿ ಕೊಳ್ಳುವವರು ಚಿಕೋರಿ ಎಷ್ಟು ಎಂದು ಕೇಳದೆ ಕೊಳ್ಳುವುದುಂಟೆ? ವರ್ಷ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಹಗುರವಾದ ಬಿಳಿ ವೈನುಗಳನ್ನು ಎಳೆಯದಿರುವಾಗಲೇ ಕುಡಿದು ಮುಗಿಸಬೇಕು. ಅಂಥದ್ದು ಏಳೆಂಟು ವರ್ಷ ಹಳೆಯದಾಗಿ ಪಟ್ಟಿಯಲ್ಲಿ ಕೂತಿದ್ದರೆ ಅದು ಸಂಗ್ರಹವಲ್ಲ, ಮಾರಾಟವಾಗದೆ ಉಳಿದ ಸರಕು.

ಪಟ್ಟಿಯ ದಪ್ಪ ನೋಡಿ ಮರುಳಾಗುವವರೂ ಇದ್ದಾರೆ. ಪ್ಯಾರಿಸ್ಸಿನ ‘ಲ ತೂರ್ ದಾರ್ಜಾಂ’ ಹೋಟೆಲಿನ ಪಟ್ಟಿ ಸುಮಾರು 400 ಪುಟಗಳ ಗ್ರಂಥ. ಅದರ ನೆಲಮಾಳಿಗೆಯಲ್ಲಿರುವ ಬಾಟಲಿಗಳು 3 ಲಕ್ಷದ ಆಸುಪಾಸು. 1940ರ ಜೂನಿನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿಗೆ ನುಗ್ಗುವ ಹೊತ್ತಿಗೆ ಮಾಲೀಕರ ಮಗ ಕ್ಲೋದ್ ತೆರಾಯ್ ಆ ಮಾಳಿಗೆಯ ಒಳ್ಳೆಯ ಬಾಟಲಿಗಳ ಮುಂದೆ ಗೋಡೆ ಕಟ್ಟಿಸಿ ಅವನ್ನು ಉಳಿಸಿದರಂತೆ. ಅಲ್ಲಿ ದಪ್ಪಕ್ಕೆ ಅರ್ಥವಿದೆ, ಪುಟದಲ್ಲಿದ್ದದ್ದು ಮಾಳಿಗೆಯಲ್ಲೂ ಇದೆ. ಬೀದಿಬದಿಯ ಹೋಟೆಲಿಗೆ ಇಪ್ಪತ್ತು ವೈನು ಸಾಕು, ಅವು ಅಲ್ಲಿನ ಊಟಕ್ಕೆ ಹೊಂದಬೇಕು ಅಷ್ಟೆ. ಬರೀ ಮೀನಿನಡುಗೆ ಮಾಡುವವರು ಪುಟಗಟ್ಟಲೆ ಗಡಸು ಕೆಂಪು ವೈನು ಬರೆದುಕೊಂಡಿದ್ದರೆ ಪಟ್ಟಿ ಮಾಡಿದವರೂ ಅಡುಗೆಯವರೂ ಮಾತು ಬಿಟ್ಟಿದ್ದಾರೆಂದೇ ಲೆಕ್ಕ.

ಇನ್ನು ಬಾಟಲಿ ಮೇಜಿಗೆ ಬಂದಾಗ ನಡೆಯುವ ಆ ಸಣ್ಣ ನಾಟಕ. ಹೊಸಬರಿಗೆ ಅದು ಮುಜುಗರ ತರುತ್ತದೆ, ಆದರೆ ಗಿರಾಕಿಯ ಹಕ್ಕು ಇರುವುದು ಅಲ್ಲೇ. ಮಾಣಿ ಮೊದಲು ಲೇಬಲ್ ತೋರಿಸುವುದು, ಪಟ್ಟಿಯಲ್ಲಿದ್ದ ವರ್ಷವೇ ಬಾಟಲಿಯ ಮೇಲೂ ಇದೆಯೇ ಎಂದು ನೋಡಲಿ ಎಂದು. ಲೋಟಕ್ಕೆ ಒಂದು ಗುಟುಕು ಸುರಿಯುವುದು ರುಚಿ ಹಿಡಿಸಿತೇ ಎಂದು ಕೇಳಲಿಕ್ಕಲ್ಲ. ವೈನು ಕೆಟ್ಟಿದೆಯೇ ಎಂದು ಪರೀಕ್ಷಿಸಲಿಕ್ಕೆ. ಬಿರಡೆಯಿಂದ ಟಿಸಿಎ ಎಂಬ ರಾಸಾಯನಿಕ ಸೇರಿದ್ದರೆ ಒದ್ದೆಯಾದ ರಟ್ಟಿನ ವಾಸನೆ ಬರುತ್ತದೆ. ಆಗ ಬಾಟಲಿಯನ್ನು ವಾಪಸ್ಸು ಕಳಿಸಬಹುದು, ಒಳ್ಳೆಯ ಹೋಟೆಲಿನವರು ಮರುಮಾತಾಡದೆ ಬದಲಿಸುತ್ತಾರೆ. ಲೋಟದಲ್ಲಿ ಕೊಳ್ಳುವವರು ಬಾಟಲಿ ತೆರೆದದ್ದು ಎಂದು ಎಂಬುದನ್ನು ಕೇಳಬೇಕು. ಗಾಳಿ ತಗುಲಿದ ವೈನು ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ.

ಹಾಗೆಂದು ಬೆಲೆ ಏರಿದಂತೆ ರುಚಿ ಏರುತ್ತದೆಯೇ? ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು 2008ರಲ್ಲೇ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದನ್ನು ನೋಡಿತ್ತು. ಬೆಲೆ, ಹೆಸರು ಮರೆಮಾಡಿ ಮಾಡಿದ 6,000ಕ್ಕೂ ಹೆಚ್ಚು ರುಚಿಪರೀಕ್ಷೆಗಳಲ್ಲಿ, ತರಬೇತಿ ಇಲ್ಲದ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚಾಗಿ ಮೆಚ್ಚಲಿಲ್ಲ. ಬದಲಿಗೆ ಕೊಂಚ ಕಡಿಮೆಯೇ ಮೆಚ್ಚಿದ್ದರು. ವೈನಿನಲ್ಲಿ ಪಳಗಿದವರ ವಿಷಯ ಬೇರೆ, ಅವರಲ್ಲಿ ಆ ಇಳಿಕೆ ಕಾಣಲಿಲ್ಲ.

ಬೆಂಗಳೂರಿನ ಹೋಟೆಲುಗಳ ಪಟ್ಟಿ ಓದುವವರಿಗೆ ಇನ್ನೊಂದು ಲೆಕ್ಕವೂ ಬೇಕು. ಹೊರದೇಶದ ವೈನಿನ ಮೇಲೆ ಭಾರತ ಬಹುಕಾಲ ಶೇ. 150 ಆಮದು ಸುಂಕ ಹಾಕಿತು. ಸಾವಿರ ರೂಪಾಯಿಯ ಬಾಟಲಿ ಬಂದರು ದಾಟುವಾಗಲೇ ಎರಡೂವರೆ ಸಾವಿರ. ರಾಜ್ಯದ ಅಬಕಾರಿ ತೆರಿಗೆ, ಹೋಟೆಲಿನ ಲಾಭ ಅದರ ಮೇಲೆ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ ಆಸ್ಟ್ರೇಲಿಯದ ಬಾಟಲಿಗಳಿಗೆ, ಅವುಗಳ ಬೆಲೆ 5 ಡಾಲರ್ ಮೀರಿದ್ದರೆ, ಸುಂಕ ಶೇ. 100ಕ್ಕೆ ಇಳಿಯಿತು. 15 ಡಾಲರ್ ಮೀರಿದವಕ್ಕೆ ಶೇ. 75. ನಂದಿಬೆಟ್ಟದ ತಪ್ಪಲಿನ ತೋಟಗಳ ವೈನಿಗೆ ಆಮದು ಸುಂಕದ ಹೊರೆಯಿಲ್ಲ. ಹಾಗಿದ್ದೂ ಅದರ ಬೆಲೆ ವಿದೇಶಿ ಬಾಟಲಿಯ ಪಕ್ಕಕ್ಕೇ ಬಂದು ನಿಂತಿದ್ದರೆ, ಆ ಹೋಟೆಲಿನಲ್ಲಿ ಉಳಿದ ಪುಟಗಳನ್ನು ತಿರುವುವ ಮುಂಚೆ ಮಾಣಿಯನ್ನು ಕರೆದು ಕಾರಣ ಕೇಳುವುದು ಒಳ್ಳೆಯದು.