‘ಎನ್ಯಾಕ್ಟ್’ ಎಂದರೇನು, ‘ಜಾರಿ’ ಎಂದರೇನು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾನೂನು ಅರಿವು ಶಿಬಿರದ ಉಪನ್ಯಾಸದ ಪಠ್ಯ)



ಮಲೆನಾಡಿನ ಊರುಗಳಲ್ಲಿ ಅರಣ್ಯದ ಮಾತು ಬಂದಾಗಲೆಲ್ಲ ‘ಕಾನೂನು ಜಾರಿಯಾಯಿತಂತೆ’ ಎಂಬ ವಾಕ್ಯ ಕೇಳಿಬರುತ್ತದೆ. ಮಸೂದೆ ಸದನದಲ್ಲಿ ಅಂಗೀಕಾರವಾದರೂ ಜಾರಿ, ಕರಡು ಅಧಿಸೂಚನೆ ಪ್ರಕಟವಾದರೂ ಜಾರಿ, ತಜ್ಞರ ಸಮಿತಿ ವರದಿ ಒಪ್ಪಿಸಿದರೂ ಜಾರಿಯೇ. ಆದರೆ ಇವು ಒಂದೇ ಅಲ್ಲ. ಪ್ರತಿಯೊಂದು ಹಂತದಲ್ಲಿಯೂ ಗ್ರಾಮಸ್ಥರು ಮಾಡಬೇಕಾದ ಕೆಲಸ ಬೇರೆ. ಈ ಗೊಂದಲವನ್ನು ಬಿಡಿಸಿಕೊಳ್ಳಲು ಇಂಗ್ಲಿಷಿನ ಒಂದು ಸಾಮಾನ್ಯ ಕ್ರಿಯಾಪದ ನೆರವಾಗುತ್ತದೆ. ಅದು ‘ಎನ್ಯಾಕ್ಟ್’.

‘ಆ್ಯಕ್ಟ್’ ಎಂದರೆ ಕ್ರಿಯೆ. ಶಾಸನಸಭೆ ಮಾಡಿದ ಕಾನೂನಿಗೂ ಅದೇ ಹೆಸರು. ಅದಕ್ಕೆ ‘ಎನ್’ ಎಂಬ ಪೂರ್ವಪ್ರತ್ಯಯ ಸೇರಿ ‘ಎನ್ಯಾಕ್ಟ್’ ಆಗಿದೆ. ನಾಟಕದ ಸಂದರ್ಭದಲ್ಲಿ ಅದಕ್ಕೆ ಅಭಿನಯಿಸು ಎಂಬ ಅರ್ಥವಿದೆ. ಕಾನೂನಿನ ಸಂದರ್ಭದಲ್ಲಿ ಶಾಸನವನ್ನಾಗಿ ಮಾಡು ಎಂಬ ಅರ್ಥ. ಆಡಳಿತ ಕನ್ನಡದಲ್ಲಿ ಆ್ಯಕ್ಟ್ ‘ಅಧಿನಿಯಮ’ವಾಗಿದೆ. ರಾಜ್ಯದ ಕಾನೂನುಗಳ ಆರಂಭದಲ್ಲಿ, ಗಣರಾಜ್ಯದ ಇಂತಿಷ್ಟನೆಯ ವರ್ಷದಲ್ಲಿ ವಿಧಾನಮಂಡಲದಿಂದ ಇದು ‘ಅಧಿನಿಯಮಿತವಾಗತಕ್ಕದ್ದು’ ಎಂಬ ವಾಕ್ಯವಿರುತ್ತದೆ. ಆ ಒಂದು ಪದವೇ ಎನ್ಯಾಕ್ಟ್.

ಈ ಕ್ರಿಯಾಪದಕ್ಕೆ ಕರ್ತೃವಾಗಬಲ್ಲವರು ಯಾರು ಎಂಬುದು ಮುಖ್ಯ. ಕೇಂದ್ರದಲ್ಲಿ ಸಂಸತ್ತು, ರಾಜ್ಯದಲ್ಲಿ ವಿಧಾನಮಂಡಲ ಮಾತ್ರ ಎನ್ಯಾಕ್ಟ್ ಮಾಡುತ್ತವೆ. ಸರ್ಕಾರವು ನಿಯಮಗಳನ್ನು ರಚಿಸುತ್ತದೆ, ಅಧಿಸೂಚನೆ ಹೊರಡಿಸುತ್ತದೆ. ಅಧಿಕಾರಿ ಆದೇಶ ನೀಡುತ್ತಾನೆ. ನ್ಯಾಯಾಲಯ ತೀರ್ಪು ನೀಡುತ್ತದೆ. ಸಮಿತಿ ಶಿಫಾರಸು ಮಾಡುತ್ತದೆ. ಆದುದರಿಂದ ಕೈಗೆ ಬಂದ ಕಾಗದದ ಕೆಳಗೆ ಯಾರ ಸಹಿಯಿದೆ, ಯಾವ ಅಧಿನಿಯಮದ ಯಾವ ಪ್ರಕರಣದ ಬಲದಿಂದ ಅದು ಹೊರಟಿದೆ ಎಂದು ಕೇಳುವುದು ಉದ್ಧಟತನವಲ್ಲ. ಅದು ಪೌರನ ಕರ್ತವ್ಯ.

ಅರಣ್ಯ ಹಕ್ಕುಗಳ ಕಾನೂನಿನ ಉದಾಹರಣೆಯಿಂದ ಹಂತಗಳು ಸ್ಪಷ್ಟವಾಗುತ್ತವೆ. ಅದರ ಪೂರ್ಣ ಹೆಸರು ಅನುಸೂಚಿತ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಅಧಿನಿಯಮ, 2006. ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು 2005ರ ಡಿಸೆಂಬರ್ 13ರಂದು. ಲೋಕಸಭೆ ಅದನ್ನು ಅಂಗೀಕರಿಸಿದ್ದು 2006ರ ಡಿಸೆಂಬರ್ 15ರಂದು, ರಾಜ್ಯಸಭೆ ಡಿಸೆಂಬರ್ 18ರಂದು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಡಿಸೆಂಬರ್ 29ರಂದು. ಅಂದಿಗೆ ಅದು ಅಧಿನಿಯಮವಾಯಿತು. ಆದರೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ದಿನದಿಂದ ಮಾತ್ರ ಜಾರಿಗೆ ಬರತಕ್ಕದ್ದೆಂದು ಅದರ ಒಂದನೆಯ ಪ್ರಕರಣವೇ ಹೇಳಿತ್ತು. ಆ ದಿನ ಬಂದದ್ದು 2007ರ ಡಿಸೆಂಬರ್ 31ರಂದು. ಹಕ್ಕುಕೋರಿಕೆಯ ವಿಧಾನವನ್ನು ತಿಳಿಸುವ ನಿಯಮಗಳು ಪ್ರಕಟವಾದದ್ದು 2008ರ ಜನವರಿ 1ರಂದು. ನಡುವಿನ ಒಂದು ವರ್ಷ ಪುಸ್ತಕದಲ್ಲಿ ಕಾನೂನಿತ್ತು; ಅದರ ಅಡಿಯಲ್ಲಿ ಅರ್ಜಿ ಹಾಕುವ ದಾರಿ ಇರಲಿಲ್ಲ.

ಎಲ್ಲ ಕಾನೂನುಗಳೂ ಹೀಗೆ ಕಾಯಬೇಕಾಗಿಲ್ಲ. ದಿನಾಂಕದ ಉಲ್ಲೇಖವೇ ಇಲ್ಲದಿದ್ದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಐದನೆಯ ಪ್ರಕರಣದಂತೆ, ಕೇಂದ್ರ ಕಾನೂನು ಅಂಕಿತ ದೊರೆತ ದಿನದಿಂದಲೇ ನಡೆಯುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ದೆಹಲಿ ಬಾಡಿಗೆ ಅಧಿನಿಯಮಕ್ಕೆ 1995ರಲ್ಲಿ ಅಂಕಿತ ದೊರೆತರೂ ಜಾರಿಯ ದಿನವನ್ನು ಗೊತ್ತುಪಡಿಸದೆಯೇ ದಶಕಗಳು ಕಳೆದವು. ಎನ್ಯಾಕ್ಟ್ ಆದದ್ದೆಲ್ಲ ಜಾರಿಯಾದಂತಲ್ಲ.

ಇನ್ನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯ. ‘ಕಸ್ತೂರಿರಂಗನ್ ವರದಿ ಜಾರಿ’ ಎಂಬ ಮಾತಿಗೆ ಬೆದರಿದವರೂ ಹಿಗ್ಗಿದವರೂ ಇದ್ದಾರೆ. 2013ರ ಏಪ್ರಿಲ್‌ನಲ್ಲಿ ಸಲ್ಲಿಕೆಯಾದ ಆ ವರದಿಯನ್ನು ಯಾವ ಶಾಸನಸಭೆಯೂ ಎನ್ಯಾಕ್ಟ್ ಮಾಡಲಿಲ್ಲ. ಎನ್ಯಾಕ್ಟ್ ಆಗಿದ್ದದ್ದು 1986ರ ಪರಿಸರ (ಸಂರಕ್ಷಣೆ) ಅಧಿನಿಯಮ. ಅದರ ಬಲದಿಂದ ಕೇಂದ್ರ ಸರ್ಕಾರ 2014ರಿಂದ 2024ರ ಜುಲೈವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಕರಡು ಎಂದರೆ ಸರ್ಕಾರದ ಪ್ರಸ್ತಾವ. ಅದರ ಬಗ್ಗೆ ಆಕ್ಷೇಪಣೆ, ಸಲಹೆ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. ‘ಆಗಿಹೋಯಿತು’ ಎಂದು ಕೈಚೆಲ್ಲಿ ಕುಳಿತ ಊರು ಆ 60 ದಿನಗಳನ್ನು ಕಳೆದುಕೊಳ್ಳುತ್ತದೆ. ಕಾಡನ್ನು ಉಳಿಸಬೇಕೆನ್ನುವವರ ಮಾತೂ, ಸಾಗುವಳಿಯ ಆತಂಕವುಳ್ಳವರ ಮಾತೂ ದಾಖಲಾಗಬೇಕಾದ ಕಾಲ ಅದೇ.

ಕರಡಿನ ಕಾಲದಲ್ಲಿ ಊರಿನ ಕೆಲಸ ಮಾತನ್ನು ದಾಖಲಿಸುವುದಾದರೆ, ಜಾರಿಗೆ ಬಂದ ಕಾನೂನಿನ ಕಾಲದಲ್ಲಿ ಅದನ್ನು ನಡೆಸುವುದು. ಅರಣ್ಯ ಹಕ್ಕು ಕಾನೂನಿನಲ್ಲಿ ಈ ಕೆಲಸ ಆರಂಭವಾಗುವುದು ಗ್ರಾಮಸಭೆಯಿಂದ. ಆರನೆಯ ಪ್ರಕರಣದ ಪ್ರಕಾರ ಹಕ್ಕುಗಳ ಸ್ವರೂಪ ಮತ್ತು ವ್ಯಾಪ್ತಿಯನ್ನು ನಿರ್ಧರಿಸುವ ಪ್ರಕ್ರಿಯೆಯನ್ನು ಆರಂಭಿಸುವ ಪ್ರಾಧಿಕಾರ ಗ್ರಾಮಸಭೆಯೇ. 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಅದು ಆರಿಸಬೇಕು. ಅದರಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕು. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಇದು ಕಠಿಣವಾದ ಷರತ್ತು. ಆದರೆ ಲಿಖಿತ ದಾಖಲೆ ಮಾತ್ರವೇ ಸಾಕ್ಷ್ಯವಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳಲು ನಿಯಮಗಳಲ್ಲಿ ಅವಕಾಶವಿದೆ. ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸಬಾರದೆಂದು ನಾಲ್ಕನೆಯ ಪ್ರಕರಣ ಹೇಳುತ್ತದೆ. ಗ್ರಾಮಸಭೆಯ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಈ ದಾರಿಯನ್ನೇ ಹಿಡಿದವು. ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರ ಸಮುದಾಯ ಹಕ್ಕುಗಳು 2011ರಲ್ಲಿ ಮಾನ್ಯವಾದವು. ದೆಹಲಿಯಲ್ಲಿ ರಚಿತವಾದ ಕಾನೂನು ಆ ಬೆಟ್ಟದಲ್ಲಿ ಹಕ್ಕಾಗಿ ನೆಲೆಗೊಂಡದ್ದು ಪೋಡುಗಳ ಜನ ಸಭೆ ಸೇರಿ ಅರ್ಜಿ ಬರೆದುದರಿಂದ.

ಇನ್ನು ಮುಂದೆ ‘ಕಾನೂನು ಜಾರಿಯಾಯಿತಂತೆ’ ಎಂಬ ಸುದ್ದಿ ಬಂದಾಗ ಊರಿನವರು ನಾಲ್ಕು ಪ್ರಶ್ನೆ ಕೇಳಲಿ. ಇದು ಮಸೂದೆಯೋ ಅಧಿನಿಯಮವೋ? ಅಧಿನಿಯಮವಾದರೆ ಜಾರಿಯ ದಿನ ಯಾವುದು? ನಿಯಮಗಳು ಪ್ರಕಟವಾಗಿವೆಯೇ? ಕರಡಾದರೆ ಆಕ್ಷೇಪಣೆಗೆ ಕೊನೆಯ ದಿನ ಯಾವುದು? ಉತ್ತರ ರಾಜ್ಯಪತ್ರದಲ್ಲಿರುತ್ತದೆ. ಅದನ್ನು ಹುಡುಕಿ, ಓದಿ, ಊರಿನ ಹಿರಿಯರಿಗೆ ಕನ್ನಡದಲ್ಲಿ ವಿವರಿಸುವ ಹೊಣೆಯನ್ನು ಇಲ್ಲಿ ನೆರೆದಿರುವ ವಿದ್ಯಾರ್ಥಿಗಳು ಹೊರಲಿ.