ಮಂಗಳೂರಿನ ಸುತ್ತ ನಾಲ್ಕು ದಿನ

ಪರದೇಶವೆಂದರೆ ಎಷ್ಟು ದೂರದ ಮಾತು? ಹಡಗನ್ನೋ ವಿಮಾನವನ್ನೋ ಏರಿ ಹೋಗತಕ್ಕ ನಾಡೇ ಪರದೇಶವೆಂದು ಲೋಕದ ತಿಳಿವಳಿಕೆ. ಆದರೆ 1956ನೆಯ ಇಸವಿಯ ನವೆಂಬರ್ 1ರವರೆಗೆ ಬೆಂಗಳೂರಿನವನಿಗೆ ಮಂಗಳೂರು ಕೂಡ ಒಂದು ಬಗೆಯ ಪರದೇಶವೇ ಆಗಿದ್ದಿತು. ಬೆಂಗಳೂರು ಮೈಸೂರಿಗೆ ಸೇರಿದ್ದು, ಮಂಗಳೂರು ಮದರಾಸಿಗೆ ಸೇರಿದ್ದು. ನಡುವೆ ಸಹ್ಯಾದ್ರಿಯ ಗೋಡೆ. ಆ ದಿನ ರಾಜಕೀಯದ ಗೆರೆಯೇನೋ ಅಳಿಸಿಹೋಯಿತು. ಮನಸ್ಸಿನ ಗೆರೆ ಅಷ್ಟು ಬೇಗ ಅಳಿಯುವಂಥದಲ್ಲ.

ಜಯನಗರದಲ್ಲಿ ಹುಟ್ಟಿ ಬೆಳೆದ ನಮಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಇದರ ಅನುಭವವಾಯಿತು. ನಮ್ಮ ಓರಗೆಯವರು ಬಿಸಿಲು, ಮರಳು, ಕಡಲು ಇವುಗಳನ್ನರಸಿ ದೂರದ ದೇಶಗಳಿಗೆ ಹೋಗಿಬರುತ್ತಿದ್ದರು. ಸ್ಪೇನು, ಪೋರ್ಚುಗಲ್ಲುಗಳ ಕಡಲೂರುಗಳ ಹೆಸರು ನಮಗೂ ಬಾಯಿಪಾಠವಾಗಿದ್ದುವು. ಉಳ್ಳಾಲವೆಲ್ಲಿದೆಯೆಂದು ಕೇಳಿದ್ದರೆ ತಡವರಿಸುತ್ತಿದ್ದೆವು. ನಮ್ಮ ಚೀಲದಲ್ಲಿದ್ದ ಹಣ ಪಶ್ಚಿಮ ಸಮುದ್ರದ ಈ ದಡದವರೆಗೆ ಮಾತ್ರ ಸಾಲುವಂತಿದ್ದುದರಿಂದ ಮಂಗಳೂರಿಗೆ ಹೊರಟೆವು. ಹೊರಡುವ ಹಿಂದಿನ ದಿನ ಬನಶಂಕರಿಯಲ್ಲಿದ್ದ ಅಜ್ಜಿಗೆ ನಮಸ್ಕಾರ ಮಾಡಲು ಹೋದಾಗ ಅವರು ಹೇಳಿದ್ದು ಇಷ್ಟೇ: "ನಾನು ಸಮುದ್ರ ನೋಡಿಲ್ಲ. ಹೇಗಿದೆ, ನೋಡಿ ಬಂದು ಹೇಳು."

ಯಶವಂತಪುರದಲ್ಲಿ ಹಗಲಿನ ರೈಲನ್ನು ಹತ್ತಿದೆವು. ಹಾಸನದಿಂದ ಮಂಗಳೂರಿಗೆ ರೈಲುಹಾದಿ ಪೂರ್ಣವಾದದ್ದು 1979ರಲ್ಲಿ. ಸಕಲೇಶಪುರವನ್ನು ಬಿಟ್ಟ ಮೇಲೆ ಬಂಡಿ ಘಟ್ಟವನ್ನಿಳಿಯತೊಡಗುತ್ತದೆ. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳುಂಟು. ಕತ್ತಲೆಯಿಂದ ಬೆಳಕಿಗೆ, ಬೆಳಕಿನಿಂದ ಮತ್ತೆ ಕತ್ತಲೆಗೆ ಹೋಗುತ್ತ ಹೋಗುತ್ತ, ಎಣಿಸುವ ಹಟ ಹಿಡಿದಿದ್ದ ನಾವು ಮೂವತ್ತರ ಸುಮಾರಿಗೆ ಲೆಕ್ಕ ತಪ್ಪಿದೆವು. ಕೆಳಗಿಳಿದಂತೆ ಗಾಳಿ ಬೆಚ್ಚಗಾಯಿತು, ಮಣ್ಣು ಕೆಂಪಾಯಿತು, ಅಡಕೆಯ ತೋಟಗಳ ನಡುವೆ ಹೆಂಚಿನ ಮಾಡುಗಳು ಕಾಣತೊಡಗಿದುವು.

ನಾವು ಅನುಸರಿಸಿದ ಕ್ರಮವನ್ನು ಇತರ ತರುಣರಿಗೂ ಹೇಳಬಹುದು. ನಗರದ ನಡುವೆ, ಹಂಪನಕಟ್ಟೆಯ ಬಳಿ, ಒಂದು ಸಣ್ಣ ಕೊಠಡಿಯಲ್ಲಿ ಬಿಡಾರ ಮಾಡುವುದು. ಬೆಳಿಗ್ಗೆ ಬಸ್ಸು ಹಿಡಿದು ಒಂದು ದಿಕ್ಕಿಗೆ ಹೋಗುವುದು. ರಾತ್ರಿ ಊಟದ ಹೊತ್ತಿಗೆ ಮರಳುವುದು. ಹೊರೆಯನ್ನು ಹೊತ್ತು ತಿರುಗುವ ತಾಪತ್ರಯವಿಲ್ಲ. ಮಿಗಿಲಾಗಿ, ದಿನವೂ ಅದೇ ಬೀದಿಗೆ ಹಿಂದಿರುಗಿದಾಗ ಅದು ಸ್ವಲ್ಪ ಸ್ವಲ್ಪವಾಗಿ ನಮ್ಮ ಬೀದಿಯಾಗುತ್ತದೆ. ಮೂರನೆಯ ರಾತ್ರಿ ಹೋಟೆಲಿನವರು ನಾವು ಕೇಳುವ ಮೊದಲೇ ನೀರುದೋಸೆಯನ್ನು ತಂದಿಟ್ಟರು.

ಮೊದಲ ದಿನವನ್ನು ನಗರಕ್ಕೇ ಮೀಸಲಿಟ್ಟೆವು. ಕದ್ರಿಯ ಮಂಜುನಾಥ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಪೀಠದ ಶಾಸನ ಕ್ರಿಸ್ತಶಕ 968ರದು; ಆಳುಪರ ಕುಂದವರ್ಮನ ಕಾಲದ್ದು. ಬೌದ್ಧರ ಲೋಕೇಶ್ವರನೂ ನಾಥಪಂಥದ ಜೋಗಿಗಳೂ ಶಿವನೂ ಒಂದೇ ಅಂಗಳದಲ್ಲಿ ಉಳಿದು ಬಂದಿರುವುದನ್ನು ಅಲ್ಲಿ ಕಾಣಬಹುದು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಮಾಡುಗಳನ್ನು ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1899ರಿಂದ ಮೊದಲುಗೊಂಡು ಚಿತ್ರಗಳಿಂದ ತುಂಬಿದನು. ಬೋಳೂರಿನಲ್ಲಿ ಹೊಳೆಯ ದಡದ ಮೇಲೆ ಟಿಪ್ಪುಸುಲ್ತಾನನ ಕಾವಲುಗೋಪುರ ನಿಂತಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದು ನೆಲೆಸಿದ್ದು ಇದೇ ಊರಿನಲ್ಲಿ; 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದವರೂ ಅವರೇ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವನು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ. ಕಿಟ್ಟೆಲ್ ಪಂಡಿತನ ಕನ್ನಡ ನಿಘಂಟು 1894ರಲ್ಲಿ ಅಚ್ಚಾದುದೂ ಇಲ್ಲಿಯೇ. ಹೊರಗಿನವರು ಬಂದು ನಮ್ಮ ನುಡಿಗೆ ಪತ್ರಿಕೆಯನ್ನೂ ನಿಘಂಟನ್ನೂ ಕೊಟ್ಟ ಊರಿಗೆ, ಒಳಗಿನವರಾದ ನಾವು ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಎರಡನೆಯ ದಿನ ನೇತ್ರಾವತಿಯ ಸೇತುವೆಯನ್ನು ದಾಟಿ ಉಳ್ಳಾಲಕ್ಕೆ ಹೋದೆವು. ಹದಿನಾರನೆಯ ಶತಮಾನದಲ್ಲಿ ರಾಣಿ ಅಬ್ಬಕ್ಕ ಪೋರ್ಚುಗೀಸರೊಡನೆ ಹೋರಾಡಿದ ಊರು ಅದು. ಸೋಮೇಶ್ವರದ ಬಂಡೆಗಳ ಮೇಲೆ ಕುಳಿತು ನಾವು ಮೊದಲ ಬಾರಿಗೆ ಕಡಲನ್ನು ಮನಸಾರೆ ನೋಡಿದೆವು. ಡಿಸೆಂಬರಿನ ಬಿಸಿಲು ನೀರಿನ ಮೇಲೆ ಕಣ್ಣಿಡಗೊಡದಂತೆ ಹೊಳೆಯುತ್ತಿತ್ತು. ಅಜ್ಜಿಗೆ ಏನೆಂದು ಹೇಳುವುದು? ದೊಡ್ಡದು ಎಂದರೆ ಸಾಲದು. ಕೆರೆಯ ಹೋಲಿಕೆ ಕೊಟ್ಟರೆ, ಕೆರೆಗೆ ಆಚೆಯ ದಡವುಂಟು. ಆ ಹೊತ್ತಿಗೆ ಮಾತು ದೊರೆಯಲಿಲ್ಲ.

ನಮಗೆ ಮೊದಲು ಈ ದಡಕ್ಕೆ ಬಂದ ಯಾತ್ರಿಕರು ಹಲವರು. ಅವರಿಗೆ ಮಂಗಳೂರೇ ಬಿಸಿಲ ನಾಡಿನ ಪರದೇಶದ ಪಟ್ಟಣ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಇಲ್ಲಿ ಹಲವು ವರ್ಷ ಮನೆ ಮಾಡಿಕೊಂಡಿದ್ದನು. ಅವನ ವ್ಯಾಪಾರದ ಕೆಲಸಕ್ಕಾಗಿ ಏಡನ್ನಿಗೆ ಹೋಗಿಬಂದ ಬೊಮ್ಮನೆಂಬ ಆಳಿನ ಹೆಸರು ಕೈರೋವಿನಲ್ಲಿ ದೊರೆತ ಹಳೆಯ ಕಾಗದಗಳಲ್ಲಿ ಇಂದಿಗೂ ಉಳಿದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಬಂದನು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದು, ನಾವು ಮಾಡಿದಂತೆಯೇ ಮಂಗಳೂರಿನ ಸುತ್ತಮುತ್ತ ತಿರುಗಾಡಿದನು. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಅವನು ಮಣೇಲಿಗೆ ಹೋದಾಗ ಆಕೆ ದಾರಿಯಲ್ಲಿಯೇ ಎದುರಾದಳು. ಕಾಲಿನಲ್ಲಿ ಕೆರವಿಲ್ಲ, ಮೈಮೇಲೆ ಸರಳವಾದ ಹತ್ತಿಯ ಬಟ್ಟೆ. ಹೊಲಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ಆಕೆಯ ಮನಸ್ಸನ್ನು ತುಂಬಿತ್ತು. ಉಡುಪನ್ನು ನೋಡಿ ಹಗುರವಾಗಿ ಎಣಿಸಿದ ಯಾತ್ರಿಕನು, ಆಕೆಯ ಮಾತನ್ನು ಕೇಳಿದ ಮೇಲೆ ತನ್ನ ಎಣಿಕೆಯನ್ನು ತಿದ್ದಿಕೊಂಡನು. ಅದನ್ನು ಮುಚ್ಚಿಡದೆ ಬರೆದಿಟ್ಟದ್ದರಿಂದಲೇ ಅವನ ಪತ್ರಗಳನ್ನು ಇಂದಿಗೂ ಓದಬೇಕೆನಿಸುತ್ತದೆ.

ಮೂರನೆಯ ದಿನ ಈಶಾನ್ಯದ ಕಡೆಗೆ. ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರು. ಅಲ್ಲಿಂದ ಕಾರ್ಕಳಕ್ಕೆ ಮತ್ತೆ ಸುಮಾರು 18. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಅದರ ಇಳಿಜಾರಾದ ಮಾಡುಗಳನ್ನು ಕಂಡಾಗ, ಬಯಲುಸೀಮೆಯ ಗುಡಿಗಳಿಗೂ ಇದಕ್ಕೂ ಇರುವ ಅಂತರವನ್ನು ಮಾಡಿದ್ದು ಮಳೆಯೆಂಬುದು ತಾನಾಗಿ ತಿಳಿಯುತ್ತದೆ. ಈ ಊರಿನ ಜೈನರು ಧವಲ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದರು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಓದಬಲ್ಲವರು ಕಡಮೆಯಾದ ಕಾಲದಲ್ಲಿಯೂ ಓಲೆಗಳನ್ನು ಕೈಬಿಡದೆ ಇದ್ದುದರಿಂದ ಅವು ಇಪ್ಪತ್ತನೆಯ ಶತಮಾನದಲ್ಲಿ ಅಚ್ಚನ್ನು ಕಂಡುವು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿಯನ್ನು ಕಾಣಲು ಕಾದ ಬಂಡೆಯ ಮೆಟ್ಟಲುಗಳನ್ನು ಬರಿಗಾಲಿನಲ್ಲಿ ಹತ್ತಿದೆವು. ಕರಾವಳಿಯ ನಡುಹಗಲಿನಲ್ಲಿ ಈ ಸಾಹಸವನ್ನು ಯಾರಿಗೂ ಬೋಧಿಸಲಾರೆವು. ಬೆಳಿಗ್ಗೆಯೇ ಹೋಗುವುದು ಲೇಸು.

ಇಷ್ಟು ದಿನಗಳಲ್ಲಿ ಒಂದು ವಿಷಯ ನಮ್ಮನ್ನು ಕಾಡುತ್ತಿತ್ತು. ಮಂಗಳೂರಿನವರ ಕನ್ನಡ ಪುಸ್ತಕದ ಕನ್ನಡವೆಂದು ಬೆಂಗಳೂರಿನಲ್ಲಿ ನಗೆಯಾಡುವ ವಾಡಿಕೆಯುಂಟು, ನಾವೂ ನಕ್ಕವರೇ. ಇಲ್ಲಿ ಬಂದು ನೋಡಿದರೆ ಬಸ್ಸಿನ ನಿರ್ವಾಹಕನು ಒಬ್ಬರೊಡನೆ ತುಳುವಿನಲ್ಲಿಯೂ ಇನ್ನೊಬ್ಬರೊಡನೆ ಕೊಂಕಣಿಯಲ್ಲಿಯೂ ಮತ್ತೊಬ್ಬರೊಡನೆ ಬ್ಯಾರಿ ಮಾತಿನಲ್ಲಿಯೂ ಮಾತನಾಡಿ, ನಮ್ಮ ಕಡೆಗೆ ತಿರುಗಿ, "ನಿಮಗೆ ಎಲ್ಲಿ ಇಳಿಯಲಿಕ್ಕೆ ಉಂಟು?" ಎಂದು ಕೇಳುತ್ತಿದ್ದನು. ಮನೆಯಲ್ಲಿ ಬೇರೆ ನುಡಿಯನ್ನಾಡುವವರು ಕನ್ನಡವನ್ನು ಶಾಲೆಯಲ್ಲಿ ಶ್ರಮಪಟ್ಟು ಕಲಿತರು. ಆದುದರಿಂದಲೇ ಅದು ಪುಸ್ತಕದಂತೆ ಅಚ್ಚುಕಟ್ಟಾಗಿದೆ. ನಗಬೇಕಾದ ವಿಷಯ ಅದರಲ್ಲಿ ಏನಿದೆ?

ನಾಲ್ಕನೆಯ ದಿನ ದಕ್ಷಿಣಕ್ಕೆ, ಮಂಜೇಶ್ವರಕ್ಕೆ ಹೊರಟೆವು. ತಲಪಾಡಿಯನ್ನು ದಾಟಿದರೆ ಕೇರಳ. ಫಲಕಗಳ ಮೇಲೆ ಮಲಯಾಳದ ಅಕ್ಷರಗಳು, ಅವುಗಳ ನಡುವೆ ಅಲ್ಲಲ್ಲಿ ಕನ್ನಡ. 1956ರಲ್ಲಿ ಮಂಗಳೂರು ಮೈಸೂರಿಗೆ ಬಂದ ದಿನವೇ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು, ಅದು ನಡೆಯಲಿಲ್ಲ. ಆ ಗೆರೆಯ ಆಚೆಗೆ ಉಳಿದವರಲ್ಲಿ ಗೋವಿಂದ ಪೈಗಳೊಬ್ಬರು. 1883ರಲ್ಲಿ ಹುಟ್ಟಿದ ಅವರು ಕನ್ನಡ ಕವಿತೆಯಲ್ಲಿ ಪ್ರಾಸದ ಕಟ್ಟನ್ನು 1911ರಲ್ಲಿ ಬಿಟ್ಟರು, 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆನಿಸಿಕೊಂಡರು, 1963ರಲ್ಲಿ ತೀರಿಕೊಂಡರು. ಮನೆಮಾತು ಕೊಂಕಣಿಯಾದ ಅವರು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಕನ್ನಡಕ್ಕೆ ತಂದರು. ಅವರ ಮನೆ ಈಗ ಸ್ಮಾರಕವಾಗಿದೆ.

ಅಲ್ಲಿಂದ ಮರಳುವಾಗ ಒಂದು ಚಹದಂಗಡಿಯಲ್ಲಿ ಕುಳಿತೆವು. ಪಕ್ಕದಲ್ಲಿದ್ದ ವೃದ್ಧರೊಬ್ಬರು ನಾವು ಬೆಂಗಳೂರಿನವರೆಂದು ತಿಳಿದು ಸಂತೋಷಪಟ್ಟರು. ಅವರ ಮನೆಮಾತು ತುಳು, ಕಚೇರಿಗೆ ಹೋದರೆ ಮಲಯಾಳ. ಮೊಮ್ಮಗಳು ಮಾತ್ರ ಕನ್ನಡ ಶಾಲೆಯಲ್ಲಿ ಓದುತ್ತಿದ್ದಳು. ತರಗತಿಯಲ್ಲಿ ಮಕ್ಕಳು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆಂದು ಹೇಳಿ, "ನಿಮಗೆ ಆ ಭಯವಿಲ್ಲ ಬಿಡಿ. ಬೆಂಗಳೂರಿನಲ್ಲಿ ಕನ್ನಡ ಶಾಲೆಗಳು ತುಂಬಿರಬೇಕಲ್ಲವೇ? ನೀವು ಯಾವ ಶಾಲೆಯಲ್ಲಿ ಓದಿದ್ದು?" ಎಂದು ಕೇಳಿದರು.

ನಾವು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡವೆಂದರೆ ನಮಗೆ ಪರೀಕ್ಷೆಯ ಒಂದು ವಿಷಯ. ತೇರ್ಗಡೆಯಾದ ದಿನವೇ ಪುಸ್ತಕವನ್ನು ಕಟ್ಟಿಟ್ಟಿದ್ದೆವು. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. "ಜಯನಗರದಲ್ಲಿ" ಎಂದಷ್ಟೇ ಹೇಳಿ ಸುಮ್ಮನಾದೆವು. ಅವರು ನಮ್ಮ ಚಹದ ಹಣವನ್ನೂ ತಾವೇ ಕೊಟ್ಟು, ಬಸ್ಸು ಬರುವವರೆಗೆ ಜೊತೆಯಲ್ಲಿ ನಿಂತರು. ಗೆರೆಯ ಆಚೆಯವರು ಅವರೋ ನಾವೋ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಬಂದೆವು.

ಮರುದಿನ ಊರಿಗೆ ಹೊರಡುವ ಮೊದಲು ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಗೋವಿಂದ ಪೈಗಳ ಪುಸ್ತಕವನ್ನು ಕೊಂಡೆವು. ಬನಶಂಕರಿಗೆ ಹೋಗಿ ಅಜ್ಜಿಯ ಮುಂದೆ ಕುಳಿತು ಸಮುದ್ರದ ವಿಚಾರವನ್ನು ಹೇಳತೊಡಗಿದೆವು: ಆಚೆಯ ದಡವಿಲ್ಲದ ನೀರು, ಸಂಜೆಗೆ ಸೂರ್ಯನು ಅದರೊಳಗೇ ಇಳಿಯುತ್ತಾನೆ, ರಾತ್ರಿಯೂ ಅದರ ಸದ್ದು ನಿಲ್ಲುವುದಿಲ್ಲ. ಅವರು ಕೇಳಿಕೊಂಡು, ಕೈಯಲ್ಲಿದ್ದ ಪುಸ್ತಕವನ್ನು ಓದೆಂದರು. ಓದಿದೆವು. ಎರಡು ಸಾಲಿಗೊಮ್ಮೆ ಎಡವಿದೆವು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅಜ್ಜಿ ಪ್ರತಿ ಸಲವೂ ತಿದ್ದಿದರು. ಆ ಓದು ಅನಂತರ ವಾರಕ್ಕೊಮ್ಮೆ, ಅವರು ಇರುವವರೆಗೂ ನಡೆಯಿತು.

ದೂರದ ಕಡಲುಗಳಿಗೆ ಹೋಗಬಾರದೆಂದು ನಾವು ಹೇಳುವವರಲ್ಲ; ಕೈಗೂಡಿದವರು ಅವಶ್ಯವಾಗಿ ಹೋಗಲಿ. ಅದಕ್ಕೆ ಮೊದಲು ಒಂದು ವಾರ ಬಿಡುವು ಮಾಡಿಕೊಂಡು ಘಟ್ಟವನ್ನಿಳಿದು ಬರಬೇಕೆಂಬುದಷ್ಟೇ ನಮ್ಮ ಬಿನ್ನಹ. ನಾಲ್ಕನೆಯ ದಿನವನ್ನು ಮಂಜೇಶ್ವರಕ್ಕೆ ಇಟ್ಟುಕೊಳ್ಳಿ. ಅಲ್ಲಿ ಯಾರಾದರೂ ನೀವು ಓದಿದ ಶಾಲೆ ಯಾವುದೆಂದು ಕೇಳಿದರೆ, ನಿಜವನ್ನೇ ಹೇಳಿಬಿಡಿ.